ಕೊನೆಯ ಎರಡು ತಾಸು

ಜೇವರ್ಗಿಯ ಹೊರಗಿನ ತೊಗರಿಬೇಳೆ ಗಿರಣಿಯಲ್ಲಿ ಆರು ದಿನದ ಕೆಲಸ ನಾಲ್ಕು ದಿನಕ್ಕೆ ಇಳಿದಾಗ ಮೊದಲು ಖುಷಿಪಟ್ಟವರು ಕೂಲಿಕಾರರ ಹೆಂಡಂದಿರು. ಮೂರು ದಿನ ಗಂಡ ಮನೆಯಲ್ಲೇ ಇರುತ್ತಾನೆಂಬುದರ ಪೂರ್ತಿ ಅರ್ಥ ಅವರಿಗೆ ಆಗಿನ್ನೂ ಹೊಳೆದಿರಲಿಲ್ಲ.

ಸಣ್ಣ ಸಾವಕಾರ ಅನೀಲಕುಮಾರ ಪುಣೆಯಲ್ಲಿ ಯಾವುದೋ ಸಭೆಗೆ ಹೋಗಿ ಬಂದವನು ಎಲ್ಲರನ್ನೂ ಚೀಲಗಳ ಮೇಲೆ ಕೂಡಿಸಿಕೊಂಡು ವಿವರಿಸಿದ. ದಿನಕ್ಕೆ ಎಂಟು ತಾಸಿನ ಬದಲು ಹನ್ನೆರಡು. ಮುಂಜಾನೆ ಏಳಕ್ಕೆ ಶುರು, ಸಂಜೆ ಏಳಕ್ಕೆ ಬಂದ್. ನಾಲ್ಕು ದಿನ ದುಡಿದರೆ ಮೂರು ದಿನ ಗಿರಣಿಗೇ ಬೀಗ. ಪಗಾರ ಇದ್ದಷ್ಟೇ.

"ಸಾವಕಾರ್ರೆ, ಹಂಗಿದ್ರ ಎರಡು ದಿನ ಇಪ್ಪತ್ನಾಲ್ಕು ತಾಸು ಮಾಡಿಸಿ ಐದು ದಿನ ಸೂಟಿ ಕೊಟ್ಟುಬಿಡ್ರಲ್ಲ," ಅಂದ ಹಿರಿಯ ಹಮಾಲ ಗುರಣ್ಣ.

ಎಲ್ಲರೂ ನಕ್ಕರು. ಅನೀಲಕುಮಾರನೂ ನಕ್ಕ. ಆದರೆ ನಗುವ ಮೊದಲು ಒಂದು ಗಳಿಗೆ ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದ್ದು ಅವನ ಮುಖದ ಮೇಲೆ ಕಂಡಿತು.

ದೇವಾನಂದನದು ಎಲಿವೇಟರ್ ಕೆಲಸ. ಗುರಣ್ಣ ಚೀಲ ಬಿಚ್ಚಿ ಸುರಿದ ತೊಗರಿ ನೆಲದೊಳಗಿನ ಕುಣಿಗೆ ಬೀಳುತ್ತಿತ್ತು. ಅಲ್ಲಿಂದ ಪಟ್ಟಿಗೆ ಕಟ್ಟಿದ ಕಬ್ಬಿಣದ ಡಬ್ಬಿಗಳು ಅದನ್ನು ಎತ್ತಿ ಮೇಲಿನ ಜರಡಿಗೆ ಒಯ್ಯುತ್ತಿದ್ದವು. ಹೊಸ ತೊಗರಿಯ ಹಸಿ ಇನ್ನೂ ಆರಿರದ ಜನವರಿಯಲ್ಲಿ ಕುಣಿ ಆಗಾಗ ಕಟ್ಟಿಕೊಳ್ಳುತ್ತಿತ್ತು. ಆಗ ದೇವಾನಂದ ಎಲಿವೇಟರ್ ನಿಲ್ಲಿಸಬೇಕು, ಜೊತೆಗಾರ ಹಫೀಜ ಕುಣಿಗಿಳಿದು ಡಬ್ಬಿಗಳ ನಡುವೆ ತೋಳು ತೂರಿಸಿ ಕಾಳು ಕೆದಕಬೇಕು, ಅವನು ಮೇಲೆ ಬಂದ ಮೇಲೆ ದೇವಾನಂದ ಮತ್ತೆ ಹಸಿರು ಗುಂಡಿ ಒತ್ತಬೇಕು. ಇಳಿಯುವವನು ತನ್ನ ಹೆಗಲ ಟವೆಲನ್ನು ಆ ಗುಂಡಿಯಿರುವ ಸ್ಟಾರ್ಟರಿಗೆ ಕಟ್ಟಿ ಇಳಿಯುವುದು ಗಿರಣಿಯ ರಿವಾಜು. ಕಟ್ಟಿದವನೇ ಬಿಚ್ಚಬೇಕು. ಟವೆಲ್ ಇರುವತನಕ ಸಾವಕಾರ ಬಂದು ನಿಂತರೂ ಮಷೀನು ಚಾಲೂ ಆಗುವಂತಿಲ್ಲ. ಈ ಕಾಯ್ದೆ ಎಲ್ಲೂ ಬರೆದಿರಲಿಲ್ಲ. ಬಹುಶಃ ಅದಕ್ಕೇ ಎಲ್ಲರೂ ಪಾಲಿಸುತ್ತಿದ್ದರು.

ಮೊದಲ ವಾರಗಳು ಹಬ್ಬದ ಹಾಗೆ ಹೋದವು. ಗುರಣ್ಣ ಘತ್ತರಗಿಗೆ ಹೋಗಿ ಭೀಮಾ ನದಿಯಲ್ಲಿ ಮುಳುಗಿ ಭಾಗ್ಯವಂತಿ ದೇವಿಗೆ ಕಾಯಿ ಒಡೆಸಿ ಬಂದ. ಹಫೀಜ ಅಫಜಲಪುರದಲ್ಲಿ ಭಾವನ ಕೋಳಿ ಅಂಗಡಿಯಲ್ಲಿ ಕೂತು ಮೂರು ದಿನವೂ ದುಡಿದ. ಅದನ್ನೇ ಅವನು ಸೂಟಿ ಅನ್ನುತ್ತಿದ್ದ. ದೇವಾನಂದನ ಹೆಂಡತಿ ರಾಧಿಕಾ ಮದುವೆಯಾದಾಗಿನಿಂದ ಆಳಂದದ ಕಡೆಯ ಸರಸಂಬಾದ ತವರಿಗೆ ವರ್ಷಕ್ಕೊಮ್ಮೆ ಹೋದವಳು, ಈಗ ಪ್ರತಿ ವಾರ ಗಂಡನನ್ನು ಕರೆದುಕೊಂಡು ಹೋಗತೊಡಗಿದಳು. ನಾಲ್ಕನೆಯ ಸಲ ಹೋದಾಗ ಮಾವ, "ಗಿರಣಿ ಬಂದಾಯ್ತೇನು?" ಎಂದು ಬಹಳ ಮೆತ್ತಗೆ ಕೇಳಿದರು.

ದೇವಾನಂದನಿಗೆ ಹೆದರಿಕೆ ಹತ್ತಿದ್ದು ಒಂದು ಕೊಡ ನೀರಿನಿಂದ. ಸಂಜೆ ಐದು ದಾಟಿತ್ತು. ನೀರು ತರಬೇಕೆಂದುಕೊಂಡು ಎದ್ದು ನೋಡುತ್ತಾನೆ, ಕಾಲ ಹತ್ತಿರ ತುಂಬಿದ ಕೊಡ. ಅವನ ಅಂಗಿ ಒಂದು ಬದಿಗೆ ತೋಯ್ದಿತ್ತು, ಅಂದರೆ ತಂದವನು ಅವನೇ. ತಂದದ್ದು ಮಾತ್ರ ನೆನಪಿನಲ್ಲಿರಲಿಲ್ಲ. ಅಂಗಳ ದಾಟಿ, ನಳ ತಿರುವಿ, ಕೊಡ ಹೊತ್ತು, ಎದುರು ಬಂದವರಿಗೆ ದಾರಿ ಬಿಟ್ಟು ಯಾರೋ ಅವನ ಮೈಯಲ್ಲಿ ಹೋಗಿ ಬಂದಿದ್ದರು. ಅವನು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಹಸಿರು ಗುಂಡಿ ಒತ್ತುವುದೂ ಅದೇ ಕೈ.

ಮನೆಯಲ್ಲಿ ರಾಧಿಕಾಗೆ ಹೇಳಿದ.

"ಅಡಗಿ ಮಾಡೋವಾಗ ನನಗ ದಿನಾ ಹಂಗ ಆಗ್ತದ," ಅಂದಳು. "ಉಪ್ಪು ಹಾಕೇನೋ ಇಲ್ಲೋ ನೆನಪೇ ಇರಂಗಿಲ್ಲ."

"ಉಪ್ಪು ಎರಡು ಸಲ ಬಿದ್ರ ಯಾರೂ ಸಾಯಂಗಿಲ್ಲಲ್ಲ."

"ನಿಮ್ಮವ್ವನ ತಾಟಿಗೆ ಹಂಗ ಬಡಿಸಿ ನೋಡ್ರಿ, ಗೊತ್ತಾಗ್ತದ."

ಆಮೇಲೆ ಅವನ ಮುಖ ನೋಡಿ ಚೇಷ್ಟೆ ಬಿಟ್ಟಳು. ಸಾವಕಾರನಿಗೆ ಹೇಳ್ರಿ ಅನ್ನಲಿಲ್ಲ. ಹೇಳಿದರೆ ಒಂದೋ ಕೆಲಸ ಹೋಗುತ್ತದೆ, ಇಲ್ಲವೆ ಎಲ್ಲರ ಮೂರು ದಿನ ಹೋಗುತ್ತವೆ. ಎರಡರಲ್ಲಿ ಯಾವುದಾದರೂ ಊರಲ್ಲಿ ಮುಖ ತೋರಿಸುವಂತಿರಲಿಲ್ಲ.

ಅಂದಿನಿಂದ ದೇವಾನಂದ ಸಂಜೆಯ ಕೊನೆಯ ಎರಡು ತಾಸನ್ನು ಹುಚ್ಚು ನಾಯಿ ಇರುವ ಓಣಿಯ ಹಾಗೆ ದಾಟತೊಡಗಿದ. ಮುಖಕ್ಕೆ ನೀರು ಚಿಮುಕಿಸಿಕೊಂಡ. ನಾಲಿಗೆಯ ತುದಿಗೆ ಹಸಿಮೆಣಸಿನಕಾಯಿ ಇಟ್ಟುಕೊಂಡ. ತೊಡೆ ಚಿವುಟಿಕೊಂಡ. ಕೊನೆಗೆ ಚಿವುಟಿಕೊಳ್ಳುವುದೂ ನೆನಪಿಲ್ಲದೆ ಆಗತೊಡಗಿತು. ಮನೆಗೆ ಹೋಗಿ ನೋಡಿದರೆ ತೊಡೆ ನೀಲಿಗಟ್ಟಿರುತ್ತಿತ್ತು.

ಒಂದು ಸಂಜೆ ಕುಣಿ ಕಟ್ಟಿಕೊಂಡಿತು. ಎಲಿವೇಟರ್ ನಿಂತಿತು. ಹಫೀಜ ಟವೆಲ್ ಕಟ್ಟಿ ಇಳಿದ. ದೇವಾನಂದ ಸ್ಟಾರ್ಟರಿನ ಪಕ್ಕ ನಿಂತ. ಬೇಳೆಯ ಧೂಳು ಗಾಳಿಯಲ್ಲಿ ತೇಲುತ್ತಿತ್ತು, ಕೆಮ್ಮು ಬಂತು, ಬೆವರಿದ ಮುಖ ಒರೆಸಿಕೊಂಡ, ಗುಂಡಿ ಒತ್ತಿದ.

ಏನೂ ಆಗಲಿಲ್ಲ.

ಇನ್ನೊಮ್ಮೆ ಒತ್ತಲು ಬೆರಳು ಹೋದಾಗ ಕೆಳಗಿನಿಂದ ಹಫೀಜ ಕೆಮ್ಮಿದ. ದೇವಾನಂದ ಬೆರಳು ಹಿಂದಕ್ಕೆಳೆದುಕೊಂಡ. ಮುಖ ಒರೆಸಿಕೊಂಡ ಟವೆಲ್ ಅವನ ಕೊರಳಲ್ಲಿತ್ತು. ಅದು ಅವನದಲ್ಲ. ಕರೆಂಟ್ ಹೋಗಿ ಇಡೀ ಗಿರಣಿ ತಣ್ಣಗಾಗಿದ್ದದ್ದೂ ಅವನಿಗೆ ಗೊತ್ತಾಗಿರಲಿಲ್ಲ. ಅವನ ಕಿವಿಯೊಳಗೆ ಗಿರಣಿ ನಡೆದೇ ಇತ್ತು.

ಹಫೀಜ ತಲೆತುಂಬ ಧೂಳು ಹೊತ್ತು ಮೇಲೆ ಬಂದ. ಸ್ಟಾರ್ಟರ್ ನೋಡಿದ. ದೇವಾನಂದನ ಕೊರಳು ನೋಡಿದ.

"ಒತ್ತಿದೇನು?"

"ಹೂಂ."

"ಪೂರಾ?"

"ಪೂರಾ."

ಹಫೀಜ ಮೇಲಿನ ಸತ್ತ ಟ್ಯೂಬ್‌ಲೈಟ್ ಕಡೆ ನೋಡಿದ. "ಈ ಕರೆಂಟಿನವರಿಗೆ ನಾ ಎಷ್ಟು ಬೈದೇನಲೇ," ಅಂದ. ಆಮೇಲೆ ಅಲ್ಲೇ ನೆಲಕ್ಕೆ ಕೂತ. ಮೊಣಕಾಲುಗಳನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ಸಾವಕಾರಗ ಹೇಳ್ತೇನಿ," ಅಂದ ದೇವಾನಂದ.

"ಬ್ಯಾಡ. ಹೇಳಿದ್ರ ನಿನ್ನ ತೆಗೀತಾನ. ನಿನ್ನ ಜಾಗಾಕ್ಕ ಹೊಸಬ ಬರ್ತಾನ. ಹೊಸಬಗ ಹೆದರಿಕಿ ಇರಂಗಿಲ್ಲ. ನಿನಗರ ಈಗ ಹತ್ತೇದ." ಸ್ವಲ್ಪ ತಡೆದು, "ನಾಳಿಂದ ಸಂಜೀಕ ಕುಣಿಗೆ ನೀ ಇಳಿ. ನಾ ಮ್ಯಾಲ ನಿಂದರ್ತೇನಿ," ಅಂದ.

ಅದು ನ್ಯಾಯವೆಂದು ದೇವಾನಂದನಿಗೆ ಅನ್ನಿಸಿತು. ಕುಣಿಗಿಳಿಯುವತನಕ ಅನ್ನಿಸಿತು.

ಮರುದಿನ ಸಂಜೆ ತನ್ನ ಟವೆಲ್ ಕಟ್ಟಿ ಇಳಿದ ಮೇಲೆ ಗೊತ್ತಾಯಿತು. ಕುಣಿ ನಿಂತ ಮನುಷ್ಯನ ಅಳತೆಗೇ ತೋಡಿದ ಹಾಗಿತ್ತು. ತಲೆಯ ಮೇಲೆ ಸಾಲಾಗಿ ಡಬ್ಬಿಗಳು, ಒಂದೊಂದರ ಅಂಚೂ ತೊಗರಿ ಉಜ್ಜಿ ಉಜ್ಜಿ ಕುಡುಗೋಲಿನಂತೆ ಮಿನುಗುತ್ತಿತ್ತು. ಹಳೆಯ ಎಂಟು ತಾಸಿನ ದಿನಗಳಲ್ಲೂ ಅವನು ಒಂದೆರಡು ಸಲ ಇಳಿದಿದ್ದ. ಆಗ ಅದು ಬರೀ ಕುಣಿಯಾಗಿತ್ತು. ಈಗ ಮೇಲಿನ ಕೈಯ ಒಳಗುಟ್ಟು ಅವನಿಗೆ ಗೊತ್ತಿತ್ತು. ಹನ್ನೊಂದು ತಾಸು ದುಡಿದ ಕೈ ಹೇಗಿರುತ್ತದೆ, ತನ್ನಷ್ಟಕ್ಕೆ ಎಲ್ಲಿಗೆ ಹೋಗುತ್ತದೆ ಎಂಬುದು.

"ಹಫೀಜಾ," ಎಂದು ಕೂಗಿದ.

"ಹಾಂ."

ಕಾಳು ಕೆದಕಿದ. "ಹಫೀಜಾ."

"ಅದೇನಿ ಮಾರಾಯ, ಕೆಲಸ ಮಾಡು."

ಇನ್ನಷ್ಟು ಕೆದಕಿದ. ತೋಳು ಭುಜದತನಕ ಒಳಗಿತ್ತು. "ಹಫೀಜಾ."

ಉತ್ತರ ಬರಲಿಲ್ಲ.

ಹೇಗೆ ಮೇಲೆ ಬಂದನೋ, ಮೊಣಕೈಯ ತೊಗಲು ಕುಣಿಯ ಅಂಚಿನಲ್ಲೇ ಉಳಿಯಿತು. ಹಫೀಜ ಕಂಬಕ್ಕೆ ಒರಗಿ ನಿಂತಿದ್ದ. ಕಣ್ಣು ತೆರೆದಿದ್ದವು, ರೆಪ್ಪೆ ಹೊಡೆಯುತ್ತಿರಲಿಲ್ಲ. ಅವನ ಬೆರಳುಗಳು ಸ್ಟಾರ್ಟರಿಗೆ ಕಟ್ಟಿದ್ದ ದೇವಾನಂದನ ಟವೆಲಿನ ಗಂಟನ್ನು ಹಣ್ಣು ಸುಲಿದಷ್ಟು ನಿಧಾನಕ್ಕೆ ಬಿಚ್ಚುತ್ತಿದ್ದವು.

"ಅದನ್ನ ಯಾಕ ಬಿಚ್ಚಾಕತ್ತಿ?"

"ಯಾವುದು?" ಅಂದ ಹಫೀಜ. ಆಮೇಲೆ ತನ್ನ ಬೆರಳು ನೋಡಿದ.

ಇಬ್ಬರೂ ಚೀಲಗಳ ಮೇಲೆ ಕೂತರು. ದೇವಾನಂದ ಆ ಟವೆಲಿನಿಂದ ಮೊಣಕೈ ಒತ್ತಿ ಹಿಡಿದ.

ಎಲಿವೇಟರಿನ ಸದ್ದು ನಿಂತದ್ದು ಆಫೀಸಿಗೆ ಮುಟ್ಟಿತು. ಅನೀಲಕುಮಾರ ಕಿವಿಗೆ ಫೋನು ಹಚ್ಚಿಕೊಂಡೇ ಬಂದ. ಅವನೂ ಮುಂಜಾನೆ ಏಳಕ್ಕೆ ಬಂದವನು. ಹೊಸ ಪದ್ಧತಿಯಲ್ಲಿ ತಾನು ಎಲ್ಲರಂತೆ ದುಡಿಯುತ್ತೇನೆಂಬುದು ಅವನಿಗೆ ಅಭಿಮಾನದ ಸಂಗತಿಯಾಗಿತ್ತು. ಸೊಲ್ಲಾಪುರದ ವ್ಯಾಪಾರಿಯೊಬ್ಬನ ಜೊತೆ ದರದ ಮಾತು ನಡೆದಿತ್ತು. ಇವರನ್ನು ನೋಡಿ ಯಾಕೆ ಎಂಬಂತೆ ಹುಬ್ಬು ಕುಣಿಸಿದ. ಸ್ಟಾರ್ಟರಿಗೆ ಟವೆಲ್ ಇಲ್ಲದ್ದನ್ನು ಕಂಡ. ಮಾತು ನಿಲ್ಲಿಸದೆ ತಾನೇ ಹಸಿರು ಗುಂಡಿ ಒತ್ತಿದ.

ಡಬ್ಬಿಗಳು ಧಡಲ್ ಎಂದು ಎದ್ದವು. ದೇವಾನಂದ ಹಫೀಜನ ರಟ್ಟೆ ಹಿಡಿದ. ಹಫೀಜ ಅವನದನ್ನು ಹಿಡಿದ. ಇಬ್ಬರೂ ಮೇಲೇ ಇದ್ದರು. ಮರುಕ್ಷಣ ದೇವಾನಂದನ ಕಣ್ಣು ಕುಣಿಯ ಆಚೆ ಬದಿಗೆ ಹೋಯಿತು. ಅಲ್ಲಿ ಅರ್ಧ ಸುರಿದ ಚೀಲವಿತ್ತು. ಗುರಣ್ಣ ಇರಲಿಲ್ಲ.

ದೇವಾನಂದ ಓಡಿ ಕೆಂಪು ಗುಂಡಿ ಒತ್ತಿದ.

"ಯಾಕಲೇ?" ಅಂದ ಅನೀಲಕುಮಾರ.

"ಗುರಣ್ಣ ಎಲ್ಲದಾನ್ರಿ?"

"ನನಗೇನು ಗೊತ್ತು?"

"ಒಳಗ ಯಾರರ ಅದಾರೇನಂತ ಕೇಳಲಿಲ್ಲರಿ ನೀವು."

ಫೋನಿನೊಳಗೆ ಸೊಲ್ಲಾಪುರ ಹಲೋ ಹಲೋ ಅನ್ನುತ್ತಿತ್ತು. ಅನೀಲಕುಮಾರನ ಗುಂಡಿ ಒತ್ತಿದ ಬೆರಳು ಇನ್ನೂ ಮುಂದಕ್ಕೇ ಚಾಚಿತ್ತು, ಮಡಚುವುದು ಮರೆತಂತೆ. ಹಫೀಜ ಗುರಣ್ಣನ ಹೆಸರು ಕೂಗಿದ. ಕುಣಿಯಿಂದ ತೊಗರಿ ಜಾರುವ ಸಣ್ಣ ಸದ್ದು ಬಂತು, ಅಷ್ಟೇ. ಮೂವರೂ ಕುಣಿಯ ಕಡೆ ನೋಡಿದರು. ಯಾರೂ ಹೆಜ್ಜೆ ಕಿತ್ತಿಡಲಿಲ್ಲ.

ಕೊನೆಗೆ ದೇವಾನಂದ ಇಳಿದ. ಮೊಬೈಲಿನ ಬೆಳಕು ಧೂಳಿನಲ್ಲಿ ಮೊಳದಾಚೆ ಹೋಗುತ್ತಿರಲಿಲ್ಲ. ಕೈಯಾಡಿಸಿದ. ಡಬ್ಬಿಗಳ ಕೆಳಗೆ ಏನೋ ಮೆತ್ತಗೆ, ಬೆಚ್ಚಗೆ ಕೈಗೆ ಹತ್ತಿತು. ಎಳೆದ. ಬಂದದ್ದು ಖಾಲಿ ಗೋಣಿಚೀಲ. ಆದರೂ ಅದನ್ನು ಮಡಿಕೆ ಬಿಡಿಸಿ ಒಳಗೆ ನೋಡಿದ.

"ಏನಾಗ್ಯಾದ್ರಿ?" ಮೇಲಿನಿಂದ ಗುರಣ್ಣನ ದನಿ.

"ಎಲ್ಲಿ ಹೋಗಿದ್ದಿ?" ಅನೀಲಕುಮಾರ ಚೀರಿದ.

"ಗ್ವಾಡಿ ಹಿಂದ, ಒಂದಕ್ಕ."

"ಹೇಳಿ ಹೋಗಬಾರದೇನು?"

"ಒಂದಕ್ಕ ಹೋಗಾಕ ಸಾವಕಾರ್ರಿಗೆ ಹೇಳೂದು ಯಾವಾಗಿಂದ್ರಿ? ಅದೂ ಪುಣೆದಾಗ ಹೇಳ್ಯಾರೇನು?"

ಯಾರೂ ನಗಲಿಲ್ಲ. ದೇವಾನಂದ ಮೇಲೆ ಬಂದು, ಗೋಣಿಚೀಲ ಕೈಯಲ್ಲಿ ಹಿಡಿದುಕೊಂಡೇ, ಎಲ್ಲ ಹೇಳಿದ. "ನಿನ್ನಿ ಸಂಜೀಕ ನಾ ಒತ್ತಿದ್ನಿರಿ. ಹಫೀಜ ಒಳಗಿದ್ದ. ಅಂವನ ಟವೆಲ್ ನಾನೇ ಬಿಚ್ಚಿದ್ನಿ, ಬಿಚ್ಚಿದ್ದು ನನಗ ಗೊತ್ತಿಲ್ಲ. ಕರೆಂಟ್ ಇರಲಿಲ್ಲ, ಉಳದ." ಕೆಲಸದಿಂದ ತೆಗೆಯುತ್ತಾನೆಂದು ಕಾದು ನಿಂತ. ಒಂದು ತಾಸಿನ ಹಿಂದೆ ಹೇಳಿದ್ದರೆ ಅನೀಲಕುಮಾರ ತೆಗೆಯುತ್ತಿದ್ದ. ಈಗ ಅವನು ಫೋನು ಬಂದ್ ಮಾಡಿ, ಆ ಬೆರಳನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿ ಮುಚ್ಚಿಕೊಂಡು, "ಇವತ್ತು ಸಾಕು. ಮನಿಗೆ ಹೋಗ್ರಿ," ಅಂದ.

ಮರುವಾರ ಐದು ದಿನ, ದಿನಕ್ಕೆ ಹತ್ತು ತಾಸಿಗೆ ಸ್ವಲ್ಪ ಕಡಿಮೆ ಎಂದಾಯಿತು. ಕೊನೆಯ ಎರಡು ತಾಸಿನಲ್ಲಿ ಕುಣಿಗೆ ಯಾರೂ ಇಳಿಯಕೂಡದು. ಒಂದು ದಿನದ ಸೂಟಿ ನುಂಗಿದವನು ದೇವಾನಂದನೆಂದು ಗಿರಣಿಯಲ್ಲಿ ಕೆಲವರು ಅವನ ಜೊತೆ ಚಹಾ ಕುಡಿಯುವುದು ಬಿಟ್ಟರು. ಸರಸಂಬಾದಲ್ಲಿ ಮಾವನಿಗೆ ಮಾತ್ರ ಸಮಾಧಾನವಾಯಿತು.

ಹೆದರಿಕೆ ತಾಸಿನ ಜೊತೆ ಕಡಿಮೆಯಾಗಲಿಲ್ಲ. ಈಗ ದೇವಾನಂದ ಮುಂಜಾನೆ ಮೊದಲ ಸಲ ಗುಂಡಿ ಒತ್ತುವಾಗಲೂ ಒಬ್ಬೊಬ್ಬರ ಹೆಸರು ಕೂಗಿ, ಓ ಅನ್ನಿಸಿಕೊಂಡೇ ಒತ್ತುತ್ತಾನೆ. ಸಾಲೆಯಲ್ಲಿ ಹಾಜರಿ ಕರೆದ ಹಾಗೆ ಎಂದು ಹುಡುಗರು ನಗುತ್ತಾರೆ. ಒಂದು ದಿನ ಗುರಣ್ಣ ಮಜಾಕಿಗೆಂದು ಬೇಕಂತಲೇ ಸುಮ್ಮನೆ ಕೂತ.

"ಗುರಣ್ಣಾ," ಎಂದು ದೇವಾನಂದ ಕೂಗಿದ. ಕಾದ. ಮತ್ತೆ ಕೂಗಿದ. ಕೈ ಗುಂಡಿಯಿಂದ ಇಳಿಯಿತು, ಅವನು ನೆಲದ ಮೇಲೆ ಕೂತ.

ಚೀಲಗಳ ಹಿಂದೆ ಗುರಣ್ಣನ ನಗು ಅರ್ಧಕ್ಕೇ ಆರಿತು. ಅವನು ಎದ್ದು ಬಂದು ದೇವಾನಂದನ ಎದುರು ನಿಂತ.

"ಇಲ್ಲೇ ಅದೇನಿ ನೋಡು ತಮ್ಮಾ. ಒತ್ತು."

ದೇವಾನಂದ ಅವನ ರಟ್ಟೆ ಮುಟ್ಟಿದ. ಭುಜ ಮುಟ್ಟಿದ. ಗುರಣ್ಣ, ಡಾಕ್ಟರ ಮುಂದೆ ನಿಂತವನಂತೆ, ಎರಡೂ ತೋಳು ಚಾಚಿ ತೋರಿಸಿದ. ದೇವಾನಂದ ಅವುಗಳನ್ನು ಬೆರಳಿನ ತುದಿಯತನಕ ಹಿಡಿದು ನೋಡಿ, ಎದ್ದು, ಹಸಿರು ಗುಂಡಿ ಒತ್ತಿದ.