ಅಕ್ಕನ ಮನೆಯ ಬಾಡಿಗೆದಾರ

ಆರೋಗ್ಯ ಕಾರ್ಡಿನ ಕಚೇರಿಯಲ್ಲಿ ಕೌಂಟರಿನ ಹುಡುಗಿ ಎರಡನೇ ಸಲವೂ ಅದನ್ನೇ ಹೇಳಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಾಗುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

"ನೀವು ಆಕ್ಲೆಂಡಿಂದ ನೆಂಟರ ಮನೆಗೆ ಬಂದಿಲ್ಲ, ಇಲ್ಲೇ ಇರೋಕೆ ಬಂದಿದ್ದೀರ ಅನ್ನೋದಕ್ಕೆ ಗುರುತು ಬೇಕಮ್ಮ. ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಏನಾದ್ರೂ ನಿಮ್ಮ ಹೆಸರಲ್ಲಿ."

ನಮ್ಮ ಹೆಸರಿನಲ್ಲಿದ್ದದ್ದು ಎರಡು ಪಾಸ್‌ಪೋರ್ಟು ಮತ್ತು ನನ್ನ ಗಂಡ ಸೆಮಿಸಿಯ ಸಕ್ಕರೆ ಕಾಯಿಲೆ. ಆ ಸಕ್ಕರೆ ಈಗ ಕಣ್ಣಿಗೆ ಇಳಿದಿತ್ತು. ಬೇಗ ಲೇಸರ್ ಮಾಡಿಸದಿದ್ದರೆ ಬಲಗಣ್ಣು ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಸರಕಾರಿ ಆರೋಗ್ಯ ಕಾರ್ಡಿಲ್ಲದೆ ಲೇಸರಿಗೆ ಹೆಸರು ಬರೆದುಕೊಳ್ಳುವುದಿಲ್ಲ, ವಿಳಾಸವಿಲ್ಲದೆ ಕಾರ್ಡು ಕೊಡುವುದಿಲ್ಲ.

ಆಕ್ಲೆಂಡಿನಿಂದ ಕಡಲು ದಾಟಿ ಬಂದು ಈ ಲೋಗನ್ ಊರಿನಲ್ಲಿ ನಾವಿದ್ದದ್ದು ಸೆಮಿಸಿಯ ಅಕ್ಕ ಮೆಲೆನೈತೆಯ ಮನೆಯಲ್ಲಿ. ಮನೆಯೆಂದರೆ ಗ್ಯಾರೇಜು. ಅವಳೇನೋ ಒಳಗೆ ಒಂದು ಕೋಣೆ ತೆರವು ಮಾಡಿಕೊಟ್ಟಿದ್ದಳು. ಆದರೆ ನಮ್ಮ ತೊಂಗಾ ದ್ವೀಪದವರಲ್ಲಿ, ಬೆಳೆದ ತಮ್ಮ ಅಕ್ಕನ ಸೂರಿನಡಿ ಮಲಗುವುದು ಮರ್ಯಾದೆಯಲ್ಲ. ಗಂಡ ಚಾಪೆ ಎತ್ತಿಕೊಂಡು ಕಾರು ನಿಲ್ಲಿಸುವ ಜಾಗಕ್ಕೆ ಹೋದ, ನಾನೂ ಹಿಂದೆಯೇ ಹೋದೆ. ಮರ್ಯಾದೆ ಅವರದು, ಸೊಂಟನೋವು ನನ್ನದು.

ಅಂದು ಸಂಜೆ ಮೆಲೆನೈತೆ ಕೆಸುವಿನ ಗೆಡ್ಡೆ ಸುಲಿಯುತ್ತಿದ್ದಾಗ ಕೇಳಿದೆ. "ಅಕ್ಕ, ಒಂದು ಕಾಗದ ಬರ್ಕೊಡಿ. ಸೆಮಿಸಿ ನಿಮ್ಮನೇಲಿ ಬಾಡಿಗೆಗಿದಾನೆ ಅಂತ."

ಅವಳ ಚಾಕು ನಿಂತಿತು. "ಏನಂದೆ ಸೆಲು? ಬಾಡಿಗೆನಾ?"

"ವಾರ ವಾರ ದುಡ್ಡು ಕೊಡ್ತಾನಲ್ಲ?"

"ಅದು ತಮ್ಮ ಅಕ್ಕಂಗೆ ಕೊಡೋದು! ಅದನ್ನ ಬಾಡಿಗೆ ಅಂತೀಯ? ಬಾಯಿ ತೊಳ್ಕೊಂಡು ಬಾ ಹೋಗು. ಚಿಕ್ಕೋನಿದ್ದಾಗ ಹಿಡಿದ ಮೊದಲ ಮೀನು ನನಗೇ ತಂದುಕೊಡ್ತಿದ್ದ ಕಣೆ ಅವನು."

ಕೊಡುತ್ತಿದ್ದದ್ದು ನಾನು ಕಂಡವರ ಮನೆಯ ಕಕ್ಕಸು ತೊಳೆದು ತಂದ ದುಡ್ಡು.

ಬೆಳಿಗ್ಗೆ ಮೆಲೆನೈತೆ ತಾನಾಗಿ ಕಾಗದ ತಂದುಕೊಟ್ಟಳು. ಸದ್ಯ ಎಂದುಕೊಂಡು ಓದದೆ ಚೀಲಕ್ಕೆ ಹಾಕಿಕೊಂಡೆ. ಕೌಂಟರಿನ ಹುಡುಗಿ ಅದನ್ನು ಎರಡು ಸಲ ಓದಿದಳು.

"ಮನೆ ನಿಮ್ಮ ಯಜಮಾನರದಾ? ಅವರ ದಯೆಯಿಂದ ಅಕ್ಕ ಅಲ್ಲಿದಾರಂತೆ?"

"ಇಲ್ಲ ತಾಯಿ. ಮನೆ ಅಕ್ಕನದೇ. ನಮ್ಮಲ್ಲಿ ಹಾಗೆ ಹೇಳ್ತೀವಿ. ಅದು ಮರ್ಯಾದೆ ಮಾತು."

"ಮರ್ಯಾದೆ ಮಾತು ನಂಗೆ ಬೇಡಮ್ಮ. ನಿಜ ಬರೆಸ್ಕೊಂಡು ಬನ್ನಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎರಡು ಬಸ್ಸು ಬದಲಿಸಿ ವಾಪಸು ಬಂದೆವು. ಸೆಮಿಸಿ ಅಕ್ಕನಿಗೆ ಚಹಾ ಬಗ್ಗಿಸಿಕೊಡಲು ಹೋದ. ಬಟ್ಟಲು ಬಲಗಡೆಯಿತ್ತು. ಚಹಾ ಪೂರ್ತಿ ಮೇಜಿನ ಮೇಲೆ ಹರಿಯಿತು, ಅವನು ಬಗ್ಗಿಸುತ್ತಲೇ ಇದ್ದ. ಮೆಲೆನೈತೆ ನೋಡಿದಳು. ತಮ್ಮನ ಕಣ್ಣು ಎಷ್ಟು ಕೆಟ್ಟಿದೆಯೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೇಜು ಒರೆಸಿ, ಹಾಳೆ ತಂದು ಕೂತಳು.

"ಸೆಲು, ಇಂಗ್ಲಿಷಲ್ಲಿ ಬಾಡಿಗೆದಾರ ಅನ್ನೋಕೆ ಏನು ಬರೀಬೇಕು?"

ಅವಳಿಗೆ ಗೊತ್ತಿತ್ತು. ಆ ಪದ ತನ್ನ ಬಾಯಿಂದ ಬರುವುದು ಬೇಡವಾಗಿತ್ತು, ಅಷ್ಟೆ. ನಾನು ಒಂದೊಂದೇ ಅಕ್ಷರ ಹೇಳಿದೆ.

ಮರುದಿನ ಕೌಂಟರಿನಲ್ಲಿ ಸೆಮಿಸಿ, "ಅಕ್ಕ ಏನು ಬರೆದಿದಾಳೆ? ಓದು," ಎಂದ. ನಾನು, "ಇರ್ಲಿ ಬಿಡು ಮಾರಾಯ," ಎಂದೆ. ಆ ಹುಡುಗಿ ಒಳ್ಳೆಯವಳು, ಗಟ್ಟಿಯಾಗಿ ಓದಿಬಿಟ್ಟಳು. 'ಸೆಮಿಸಿ ನನ್ನ ಬಾಡಿಗೆದಾರ. ಪ್ರತಿ ವಾರ ಬಾಡಿಗೆ ಕೊಡುತ್ತಾನೆ.' ಸೆಮಿಸಿ ತಲೆಯಾಡಿಸಿದ. ಅವಳು ಕಾಗದದ ಪ್ರತಿ ತೆಗೆದುಕೊಂಡಳು.

ಕಾರ್ಡು ಬಂತು. ಲೇಸರಿಗೆ ದಿನವೂ ಗೊತ್ತಾಯಿತು. ಮೆಲೆನೈತೆ ಕಾರ್ಡಿನ ಲಕೋಟೆಯನ್ನು ಎದೆಗವಚಿಕೊಂಡು ಗ್ಯಾರೇಜಿಗೆ ಓಡಿಬಂದಿದ್ದಳು. ಆ ವಾರದ ದುಡ್ಡನ್ನು ಸೆಮಿಸಿ ಎಂದಿನಂತೆ ಅವಳ ಕೈಗಿಡಲಿಲ್ಲ, ಮೇಜಿನ ಮೇಲಿಟ್ಟ.

"ಬಾಡಿಗೆ, ಅಕ್ಕ," ಎಂದ.

"ನಿನಗೇನು ಬುದ್ಧಿಗಿದ್ಧಿ ಇದೆಯಾ?" ಎಂದೆ ಗಂಡನಿಗೆ.

"ಅಕ್ಕ ದೇವರಿಗೆ ಹೆದರೋಳು. ನನ್ನ ಕಣ್ಣಿಗೋಸ್ಕರ ಅವಳು ಬರೆದಿದ್ದು ಸುಳ್ಳಾಗಬಾರದು."

ಮೆಲೆನೈತೆ ಆ ದುಡ್ಡನ್ನು ನೋಡಿದಳು. ಆಮೇಲೆ, "ರಸೀದಿ ಬೇಕಾ ನಿಂಗೆ?" ಎಂದಳು. ಚುಚ್ಚುತ್ತಿದ್ದಾಳೆ ಎಂದುಕೊಂಡು ತಲೆಯೆತ್ತಿದೆ. ಅವಳು ಅಳುತ್ತಿದ್ದಳು.

ನನಗೆ ಸಾಕಾಗಿತ್ತು. ಮುಂದೆ ಎಡಗಣ್ಣಿನ ಲೇಸರೂ ಇದೆ, ಯಾವ ಕೌಂಟರಿನಲ್ಲಿ ಏನು ಕೇಳುತ್ತಾರೋ.

"ಬೇಕು ಅಕ್ಕ," ಎಂದೆ. "ತಾರೀಕು ಹಾಕಿ ಕೊಡಿ."