ಹಂದಿ ಬರುವ ಜಾಗ

ಊರಲ್ಲಿ ಜಾಗ ಮಾರುವವರು ಹೇಳುವ ಮೊದಲನೇ ಸುಳ್ಳು "ನೀರಿಗೆ ಏನೂ ತೊಂದರೆ ಇಲ್ಲ" ಅನ್ನುವುದು. ಎರಡನೆಯದು "ಹಂದಿ ಕಾಟ ಇಲ್ಲವೇ ಇಲ್ಲ" ಅನ್ನುವುದು. ಮೊದಲನೆಯದನ್ನು ನನ್ನ ಗಂಡ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಎರಡನೆಯದನ್ನು ಕೇಳಿದ ಕೂಡಲೇ ಮುಖ ಸಣ್ಣ ಮಾಡಿಕೊಂಡು ಫೋನ್ ಇಡುತ್ತಿದ್ದರು. ಅವರಿಗೆ ಬೇಕಾಗಿದ್ದದ್ದೇ ಹಂದಿ ಬರುವ ಜಾಗ.

ಗಂಡನ ಹೆಸರು ಅಲೋಶಿಯಸ್. ಕುವೈತಿನ ಶುಐಬಾದ ಒಂದು ಪೆಟ್ರೋಕೆಮಿಕಲ್ ಪ್ಲಾಂಟಿನಲ್ಲಿ ಆಪರೇಟರ್. ಇಡೀ ಶಿಫ್ಟ್ ಪರದೆಯ ಮುಂದೆ ಕೂತು ಏನೂ ಆಗದಂತೆ ನೋಡಿಕೊಳ್ಳುವುದು ಅವರ ಕೆಲಸ. ನಾನು ಸೂಸನ್, ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನರ್ಸ್. ಏನಾದರೂ ಆದ ಮೇಲೆ ನೋಡಿಕೊಳ್ಳುವುದು ನನ್ನ ಕೆಲಸ. ಮಗಳು ವೆನಿಸ್ಸಾ ದುಬೈಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಫಿಂಟಾಸ್‌ನ ಫ್ಲಾಟಿನಲ್ಲಿ ನಾವಿಬ್ಬರೇ.

ಈ ದೇಶದಲ್ಲಿ ಹಂದಿ ಮಾಂಸ ಸಿಗುವುದಿಲ್ಲ, ತರುವ ಹಾಗೂ ಇಲ್ಲ. ಅವರ ಊರು, ಅವರ ಕಾನೂನು. ನಾನು ಅದಕ್ಕೆ ತಕರಾರು ತೆಗೆಯುವವಳಲ್ಲ. ಆದರೆ ಮಂಗಳೂರು ಕಡೆಯ ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಹಂದಿಯಿಲ್ಲದೆ ಮದುವೆಯಿಲ್ಲ, ಹಬ್ಬವಿಲ್ಲ. ಇಪ್ಪತ್ತೈದು ವರ್ಷ ಕ್ರಿಸ್‌ಮಸ್ಸಿಗೆ ನಾನು ಹಂದಿಗೆ ಹಾಕುವ ಬಾಫಾತ್ ಮಸಾಲೆ ಪುಡಿ ಹಾಕಿ ಕೋಳಿ ಮಾಡಿದ್ದೇನೆ. ಇಪ್ಪತ್ತೈದು ವರ್ಷವೂ ಇವರು "ಚೆನ್ನಾಗಿದೆ" ಎಂದು ಹೇಳಿ ಒಂದು ನಿಟ್ಟುಸಿರು ಬಿಟ್ಟಿದ್ದಾರೆ. ಆ ನಿಟ್ಟುಸಿರು ಬೆಳೆದು ಬೆಳೆದು ಕೊನೆಗೆ ಒಂದು ಯೋಜನೆಯಾಯಿತು.

ಯೋಜನೆ ಹೀಗಿತ್ತು. ನಿವೃತ್ತಿಗೆ ಇನ್ನು ಹೆಚ್ಚು ಕಾಲವಿಲ್ಲ. ಅಷ್ಟರೊಳಗೆ ಕಾಡಿನ ಅಂಚಿನಲ್ಲಿ ಒಂದು ಜಾಗ ಮಾಡುವುದು. ಹೊರದೇಶದಲ್ಲಿ ಕೂತವರು ಕೃಷಿ ಜಮೀನು ಕೊಳ್ಳುವ ಹಾಗಿಲ್ಲ ಎಂದು ವಕೀಲರು ಹೇಳಿದ್ದರಿಂದ, ಮನೆ ಇರುವ, ಕನ್ವರ್ಶನ್ ಆದ ಜಾಗವೇ ಆಗಬೇಕು. ಹಿತ್ತಿಲಲ್ಲಿ ಮರಗೆಣಸು ನೆಡುವುದು. ಅದನ್ನು ತಿನ್ನಲು ಕಾಡುಹಂದಿ ಬರುವುದು. ಇವರು ಜಗಲಿಯಲ್ಲಿ ಕೋವಿ ಹಿಡಿದು ಕೂತಿರುವುದು.

"ಕಾಡುಹಂದಿ ಹೊಡೆದ್ರೆ ಜೈಲು," ಎಂದೆ.

"ಬೆಳೆ ಹಾಳು ಮಾಡುವ ಹಂದಿಗೆ ಪರ್ಮಿಶನ್ ಕೇಳ್ಲಿಕ್ಕೆ ಆಗ್ತದೆ. ಅರ್ಜಿ ಹಾಕಬೇಕು."

"ಹಾಳಾಗ್ಲಿಕ್ಕೆ ಬೆಳೆ ಎಲ್ಲುಂಟು?"

"ಅದಕ್ಕೇ ಮರಗೆಣಸು."

ಇವರು ಪೇಟೆಯಲ್ಲಿ ಹುಟ್ಟಿ ಬೆಳೆದವರು. ಜೀವಮಾನದಲ್ಲಿ ಹೊಡೆದದ್ದು ಎಂದರೆ ಮಾಲಿನ ಆಟದಂಗಡಿಯಲ್ಲಿ ಬಲೂನು. ಅದಕ್ಕೆ ಬಹುಮಾನವಾಗಿ ಸಿಕ್ಕ ಟೆಡ್ಡಿ ಕರಡಿ ಇವತ್ತಿಗೂ ನಮ್ಮ ಫ್ರಿಜ್ಜಿನ ಮೇಲೆ ಕೂತಿದೆ. ಜೀವಂತ ಹಂದಿಯನ್ನು ಹತ್ತಿರದಿಂದ ನೋಡಿದ್ದು ಒಮ್ಮೆ ಮಾತ್ರ, ನನ್ನನ್ನು ನೋಡಲು ನಮ್ಮ ಹಳ್ಳಿ ಮನೆಗೆ ಬಂದಾಗ. ನನ್ನ ಅಮ್ಮ ಹುಡುಗನಿಗೆ ಕಾಫಿ ಕೊಡುವ ಮೊದಲೇ ಹಿತ್ತಿಲಿಗೆ ಕರೆದುಕೊಂಡು ಹೋಗಿ, ಮದುವೆಗೆಂದು ಕೊಬ್ಬಿಸುತ್ತಿದ್ದ ಹಂದಿಯನ್ನು ತೋರಿಸಿದ್ದರು. ಹಂದಿ ನೋಡಿದರೆ ಮನೆತನ ಗೊತ್ತಾಗುತ್ತದೆ ಎಂಬುದು ಅಮ್ಮನ ನಂಬಿಕೆ. ಇವರು ಬೂಟಿಗೆ ಕೆಸರಾಗದಂತೆ ದೂರ ನಿಂತು, ಅಮ್ಮ ಹೇಳಿದ್ದಕ್ಕೆಲ್ಲ ತಲೆಯಾಡಿಸಿದ್ದರು.

ಯೋಜನೆಗೆ ಒಬ್ಬ ಪಾಲುದಾರರೂ ಸಿಕ್ಕಿದರು. ಅದೇ ಪ್ಲಾಂಟಿನಲ್ಲಿ ಇವರ ಜೊತೆ ಕೂರುವ ರೋಹಿದಾಸಣ್ಣ, ತುಳುವರು, ಮಹಬೂಲಾದಲ್ಲಿ ವಾಸ. ಅವರ ಅಜ್ಜ ದೊಡ್ಡ ಬೇಟೆಗಾರರಂತೆ. ಇಲ್ಲಿ ವಾರದ ರಜೆ ಶುಕ್ರವಾರ. ಅವತ್ತು ನಮ್ಮಲ್ಲಿಗೆ ಊಟಕ್ಕೆ ಬಂದು ಅಜ್ಜನ ಕಾಲದ ಪಾಲಿನ ಕ್ರಮ ವಿವರಿಸುತ್ತಿದ್ದರು. ಗುಂಡು ಹೊಡೆದವನಿಗೆ ತಲೆ. ಹಂದಿ ಬಿದ್ದ ಜಾಗದ ಯಜಮಾನನಿಗೆ ತೊಡೆ. ನಾಯಿಗೆ ಒಂದು ಪಾಲು.

"ಜಾಗವೂ ನನ್ನದು, ಕೋವಿಯೂ ನನ್ನದು," ಎಂದರು ಇವರು. "ತಲೆ, ತೊಡೆ ಎರಡೂ ನನಗೆ."

"ಹಾಗಾದ್ರೆ ನಾನು ಎಂತಕ್ಕೆ ಬರುವುದು ಮಾರಾಯ?"

"ನಾಯಿಯ ಪಾಲು ಉಂಟಲ್ಲ."

ರೋಹಿದಾಸಣ್ಣ ಮಜ್ಜಿಗೆ ಕುಡಿಯದೆ ಎದ್ದು ಹೋದರು. ಜಾಗವಿಲ್ಲ, ಕೋವಿಯಿಲ್ಲ, ಹಂದಿ ಹುಟ್ಟಿದೆಯೋ ಇಲ್ಲವೋ ಗೊತ್ತಿಲ್ಲ. ಅದರ ತೊಡೆಗಾಗಿ ಐವತ್ತು ದಾಟಿದ ಇಬ್ಬರು ಗಂಡಸರು ಒಂದೇ ಕಂಟ್ರೋಲ್ ರೂಮಿನಲ್ಲಿ ಮಾತು ಬಿಟ್ಟು ಕೂತರು. ಕೊನೆಗೆ ರೋಹಿದಾಸಣ್ಣನ ಹೆಂಡತಿ ಹರಿಣಾಕ್ಷಿ ಬೈದು ಕಳಿಸಿದ ಮೇಲೆ ಮತ್ತೆ ಊಟಕ್ಕೆ ಬಂದರು. ತೊಡೆಯ ವಿಷಯ ಇತ್ಯರ್ಥವಾಗಲಿಲ್ಲ.

ಇದನ್ನೆಲ್ಲ ಕೂತು ನಗಬಹುದಿತ್ತು. ನನಗೆ ನಗು ಬರಲಿಲ್ಲ, ಹೆದರಿಕೆ ಬಂತು. ಹಿಂದಿನ ವರ್ಷವಷ್ಟೇ ಇವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಪ್ಲಾಂಟಿನ ಅಂಬುಲೆನ್ಸ್ ಗೇಟಿನಲ್ಲೇ ನಿಂತಿದ್ದರಿಂದ ಬದುಕಿದರು. ನನ್ನ ಅಪ್ಪನಿಗೆ ಅಂಥ ಗೇಟು ಇರಲಿಲ್ಲ. ಹಳ್ಳಿಯಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಬಾಡಿಗೆ ಜೀಪಿನಲ್ಲಿ, ಅಮ್ಮನ ಮಡಿಲಲ್ಲಿ ತೀರಿಕೊಂಡರು. ಇವರು ನೋಡುತ್ತಿದ್ದ ಜಾಗಗಳೋ, ಒಂದು ಘಟ್ಟದ ಬುಡದಲ್ಲಿ, ಇನ್ನೊಂದಕ್ಕೆ ಹೊಳೆಯ ಸಂಕ ದಾಟಿ ನಡೆದೇ ಹೋಗಬೇಕು. ಮೂರನೆಯದರಲ್ಲಿ ಫೋನ್ ಸಿಗ್ನಲ್ ಬೇಕಾದರೆ ಬಂಡೆ ಹತ್ತಬೇಕಂತೆ. ಅದನ್ನು ಇವರು ಅನುಕೂಲದ ಪಟ್ಟಿಗೆ ಸೇರಿಸಿದ್ದರು.

ಒಂದು ದಿನ ಊಟದ ಮೇಜಿನಲ್ಲಿ ಹೇಳಿಯೇ ಬಿಟ್ಟೆ. "ಅಲ್ಲಿ ನಿಮಗೆ ಎದೆನೋವು ಬಂದ್ರೆ ನಾನು ಯಾರನ್ನು ಕರೆಯುವುದು? ಹಂದಿಯನ್ನಾ?"

"ಎಂತ ಆಗುದಿಲ್ಲ."

"ಎಂತ ಆಗುದಿಲ್ಲ ಅಂತ ಹೇಳಿದವರನ್ನೇ ನಾನು ದಿನಾ ಸ್ಟ್ರೆಚರಿನಲ್ಲಿ ನೋಡುವುದು. ನನ್ನ ಅಮ್ಮ ಆ ಜೀಪಿನಲ್ಲಿ ಕೂತ ಹಾಗೆ ಕೂತುಕೊಳ್ಳುವುದು ನನ್ನಿಂದ ಆಗ್ಲಿಕ್ಕಿಲ್ಲ. ನನಗೆ ಹೆದರಿಕೆ ಆಗ್ತದೆ, ಅಷ್ಟೇ. ಆಸ್ಪತ್ರೆ ಹತ್ತಿರ ಇರಬೇಕು."

ಇವರು ಎದ್ದು ಹೋಗಿ ಟೆಡ್ಡಿ ಕರಡಿಯ ಧೂಳು ಒರೆಸಿದರು. ಮರುದಿನ ಮತ್ತೆ ಬರ್ನಾರ್ಡ್‌ಗೆ ಫೋನು, ಮತ್ತೆ ಹಂದಿಯ ವಿಚಾರಣೆ. ಗೋಡೆಗೆ ಹೇಳಿದ್ದರೂ ಆಗುತ್ತಿತ್ತು ಎಂದುಕೊಂಡೆ.

ಬರ್ನಾರ್ಡ್ ಎಂದರೆ ಇವರ ಚಿಕ್ಕಪ್ಪನ ಮಗ, ಕಾರ್ಕಳದಲ್ಲಿ ಜಾಗದ ಬ್ರೋಕರ್. ಮೊದಲೆಲ್ಲ ಅವನು ಅಭ್ಯಾಸಬಲದಿಂದ "ಒಂದು ಹಂದಿಯೂ ಇಲ್ಲ ಅಣ್ಣಾ, ನನ್ನಾಣೆ" ಎನ್ನುತ್ತಿದ್ದ. ಆಮೇಲೆ ಅವನಿಗೂ ಅರ್ಥವಾಯಿತು, ಊರಿಗೂ ಸುದ್ದಿ ಹರಡಿತು: ಕುವೈತಿನ ಒಬ್ಬರಿಗೆ ಹಂದಿ ಬರುವ ಜಾಗವೇ ಬೇಕಂತೆ. ಅಲ್ಲಿಂದ ತಾಲೂಕಿನ ಹಂದಿಗಳೆಲ್ಲ ಮಾರಾಟಕ್ಕಿರುವ ಜಾಗಗಳಿಗೇ ಬರತೊಡಗಿದವು. ಒಬ್ಬರು ಹೆಜ್ಜೆ ಗುರುತಿನ ಫೋಟೋ ಕಳಿಸಿದರು. ನೋಡಿದರೆ ಅದು ದನದ್ದು. ಇನ್ನೊಬ್ಬರು ತಮ್ಮಲ್ಲಿಗೆ ಚಿರತೆಯೂ ಬರುತ್ತದೆ, ಅದನ್ನು ರೇಟಿಗೆ ಸೇರಿಸಿಲ್ಲ ಎಂದರು.

ಹೀಗಿರುವಾಗ ಒಂದು ಶುಕ್ರವಾರ, ನಾವು ಅಹ್ಮದಿಯ ಇಗರ್ಜಿಯಿಂದ ಪೂಜೆ ಮುಗಿಸಿ ಬಂದು ರೋಹಿದಾಸಣ್ಣನ ಜೊತೆ ಊಟಕ್ಕೆ ಕೂತಿದ್ದಾಗ ಬರ್ನಾರ್ಡ್ ವಿಡಿಯೋ ಕಾಲ್ ಮಾಡಿದ. ಕಾರ್ಕಳ ಪೇಟೆಯ ಹೊರಗೆ ಒಂದು ಹಂಚಿನ ಮನೆ. ಅಂಗಳ, ಬಾವಿ, ಮನೆಯ ಮುಂದೆಯೇ ಡಾಂಬರು ರಸ್ತೆ.

"ಆಸ್ಪತ್ರೆಗೆ ಹತ್ತು ನಿಮಿಷ ಅತ್ತಿಗೆ," ಎಂದ. "ರಿಕ್ಷಾ ಸ್ಟ್ಯಾಂಡ್ ಇಲ್ಲೇ ಉಂಟು, ನೋಡಿ."

ನಾನು ನೋಡಿದೆ. ಮೂರು ರಿಕ್ಷಾಗಳಿದ್ದವು. ಅಷ್ಟು ಚಂದದ ರಿಕ್ಷಾಗಳನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಹಂದಿ?" ಎಂದರು ಇವರು.

"ಉಂಟು ಅಣ್ಣಾ! ಬನ್ನಿ ಬನ್ನಿ." ಬರ್ನಾರ್ಡ್ ಫೋನ್ ಹಿಡಿದುಕೊಂಡು ಮನೆಯ ಹಿಂದಿನ ಗುಡ್ಡೆಗೆ ಓಡಿದ. ಪೊದೆಯ ಬುಡದಲ್ಲಿ, ನಡು ಮಧ್ಯಾಹ್ನ, ಮೈಯೆಲ್ಲ ಕೆಸರು ಮೆತ್ತಿಕೊಂಡ ಒಂದು ಕಪ್ಪು ಹಂದಿ ನಿಂತಿತ್ತು. ಅದು ಓಡಲಿಲ್ಲ. ನೇರ ಬರ್ನಾರ್ಡ್‌ನ ಹತ್ತಿರ ಬಂದು ಅವನ ಪ್ಯಾಂಟಿನ ಜೇಬು ಮೂಸಿತು.

"ಎಂತ ಧೈರ್ಯ ನೋಡಿ!" ಬರ್ನಾರ್ಡ್ ಉಸಿರು ಬಿಡುತ್ತ ಹೇಳಿದ. "ಮನುಷ್ಯರನ್ನು ಕಂಡ್ರೆ ಲೆಕ್ಕವೇ ಇಲ್ಲ. ಪಕ್ಕಾ ಕಾಡು."

"ಗಂಡು," ಎಂದರು ರೋಹಿದಾಸಣ್ಣ ಗಂಭೀರವಾಗಿ. "ನನ್ನ ಅಜ್ಜ ಹೊಡೆದದ್ದು ಸರಿಯಾಗಿ ಇಂಥದ್ದೇ."

ಜೇಬಿನಲ್ಲಿ ಏನೂ ಸಿಗದೆ ಹಂದಿ ಬೇಸರದಿಂದ ತಿರುಗಿತು. ಆಗ ನನಗೆ ಬಾಲ ಕಾಣಿಸಿತು. ಚೆನ್ನಾಗಿ ಸುತ್ತಿಕೊಂಡ ಸುರುಳಿ ಬಾಲ. ಕಾಡುಹಂದಿಯ ಬಾಲ ನೆಟ್ಟಗೆ ಇಳಿಬಿದ್ದಿರುತ್ತದೆ. ಸುರುಳಿ ಇರುವುದು ಸಾಕಿದ ಹಂದಿಗೆ. ಬಾಲ್ಯವಿಡೀ ಹಂದಿಗೆ ಅಕ್ಕಚ್ಚು, ಮುಸುರೆ ಹೊತ್ತು ಹಾಕಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಾಲ ಸುರುಳಿ ಇರುವುದು ಸಾಕಿದ ಹಂದಿಗೆ ಮಾತ್ರ, ಸುರುಳಿಯಿದ್ದರೆ ಹಂದಿ ಆರೋಗ್ಯವಾಗಿದೆ ಎಂದು ಅಮ್ಮ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ಇದು ಯಾರದೋ ಮನೆಯ ಹಂದಿ, ಕೆಸರು ಬಳಿದು ತಂದು ನಿಲ್ಲಿಸಿದ್ದು.

ಇವರು ಪರದೆಯನ್ನು ಬಹಳ ಹೊತ್ತು ನೋಡಿದರು. "ಒಳ್ಳೆ ಆರೋಗ್ಯದ ಹಂದಿ," ಎಂದರು. ಮತ್ತೆ, "ಇದೇ ಆಗ್ಲಿ ಬರ್ನಾರ್ಡ್. ಇದೇ ಜಾಗ."

ನಾನು ಬಾಯಿ ತೆರೆದೆ. ಆ ಮೂರು ರಿಕ್ಷಾಗಳು ಕಣ್ಣ ಮುಂದೆ ಬಂದವು. ಬಾಯಿ ಮುಚ್ಚಿ ರೋಹಿದಾಸಣ್ಣನಿಗೆ ಇನ್ನಷ್ಟು ಅನ್ನ ಬಡಿಸಿದೆ.

ಅವತ್ತಿನಿಂದ ನನಗೆ ಊಟ ರುಚಿಸಲಿಲ್ಲ. ನಾಚಿಕೆಯಾಗುತ್ತಿತ್ತು. ನಾನು ಮಾಡಿದ ಕೋಳಿಯನ್ನು ಇಷ್ಟು ವರ್ಷ ಚೆನ್ನಾಗಿದೆ ಎಂದು ತಿಂದ ಮನುಷ್ಯ ಬದುಕಿನಲ್ಲಿ ತನಗೆಂದು ಕೇಳಿದ್ದು ಇದೊಂದನ್ನೇ. ಅದರಲ್ಲಿ ಮೋಸ ಹೋಗುತ್ತಿರುವುದನ್ನು ಕಂಡೂ ನಾನು ಸುಮ್ಮನಿದ್ದೆ. ಪವರ್ ಆಫ್ ಅಟಾರ್ನಿಗೆ ಸಹಿ ಹಾಕಲು ರಾಯಭಾರ ಕಚೇರಿಗೆ ಹೋದ ದಿನ ಕ್ಯೂನಲ್ಲಿ ನಿಂತು ಕೇಳಿದೆ, "ನಾಳೆ ಹಂದಿ ಬರದಿದ್ರೆ?"

"ಬರ್ತದೆ," ಎಂದರು. ಅಷ್ಟು ನಿಶ್ಚಿಂತೆಯಿಂದ ಹೇಳಿ ಕ್ಯೂನಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಕೋವಿಯ ಸುದ್ದಿ ಅವರು ತೆಗೆಯುವುದನ್ನೇ ಬಿಟ್ಟಿದ್ದರು. ನನ್ನ ಜೊತೆ ಜಗಳವಾಗದಿರಲಿ ಎಂದು ಗುಟ್ಟಾಗಿ ಏನೋ ನಡೆಸುತ್ತಿದ್ದಾರೆ ಎಂದುಕೊಂಡೆ.

ಊರಲ್ಲಿ ಇವರ ಅಕ್ಕ ಒಲಿಂಡಾ ನಮ್ಮ ಪರವಾಗಿ ಸಹಿ ಹಾಕಿ ರಿಜಿಸ್ಟ್ರೇಶನ್ ಮುಗಿಸಿದರು. ಅದಾಗಿ ಸ್ವಲ್ಪ ದಿನಕ್ಕೆ, ನನ್ನ ರಜೆಯ ದಿನ, ಬರ್ನಾರ್ಡ್ ನನಗೇ ಫೋನ್ ಮಾಡಿದ.

"ಅಣ್ಣ ಫೋನ್ ತೆಗಿತಾ ಇಲ್ಲ ಅತ್ತಿಗೆ."

"ಡ್ಯೂಟಿಯಲ್ಲಿದ್ದಾರೆ. ಪ್ಲಾಂಟಿನ ಒಳಗೆ ಫೋನ್ ಬಿಡುವುದಿಲ್ಲ. ಎಂತ ವಿಷಯ?"

"ಆ ಹಂದಿಯದ್ದು. ಅದು ಪಕ್ಕದ ಮನೆಯವರದ್ದು, ಈಸ್ಟರಿಗೆ ಕಡಿತೇವೆ ಅಂದ್ರು. ಅಣ್ಣ ಕೊಂಡುಕೋ ಅಂದಿದ್ರಲ್ಲ, ಹಾಗೆ ಕೊಂಡಿದ್ದೇನೆ. ಗೂಡು ಎಲ್ಲಿ ಕಟ್ಟಿಸುವುದು ಅಂತ ಕೇಳ್ಲಿಕ್ಕೆ."

"ಯಾವ ಹಂದಿ?"

"ವಿಡಿಯೋದಲ್ಲಿ..." ಎಂದವನು ನಿಂತುಬಿಟ್ಟ. "ಅಯ್ಯೋ ದೇವರೇ. ನಿಮ್ಮ ಹತ್ತಿರ ಹೇಳಬಾರದು ಅಂದಿದ್ರು."

"ಯಾವಾಗ ಅಂದದ್ದು?"

"ಅವತ್ತೇ. ನಿಮ್ಮ ಊಟ ಆದ ಮೇಲೆ ಕೆಳಗೆ ಪಾರ್ಕಿಂಗಿಗೆ ಹೋಗಿ ಮಾಡಿದ್ರು ಕಾಣ್ತದೆ. ಮೊದಲು ಸರೀ ಬೈದ್ರು. ಮತ್ತೆ ಕೇಳಿದ್ರು, ಹಂದಿ ಸುಳ್ಳು ಅಂತ ಗೊತ್ತಾಯ್ತು, ಆಸ್ಪತ್ರೆ ನಿಜವಾ ಅಂತ. ನಿಜ, ಬೇಕಾದ್ರೆ ರಿಕ್ಷಾದಲ್ಲಿ ಹೋಗಿ ತೋರಿಸ್ತೇನೆ ಅಂದೆ. ತೋರಿಸು ಅಂದ್ರು. ಅಲ್ಲಿಯವರೆಗೆ ಫೋನ್ ಹಿಡ್ಕೊಂಡೇ ಹೋದೆ ಅತ್ತಿಗೆ. ಎಮರ್ಜೆನ್ಸಿಯ ಬಾಗಿಲು ಕಂಡ ಮೇಲೆ, ಸರಿ, ಮುಗಿಸು ಅಂದ್ರು."

ಫೋನ್ ಇಟ್ಟು ಅಡುಗೆಮನೆಯಲ್ಲಿ ನಿಂತು ಚೆನ್ನಾಗಿ ಅತ್ತೆ. ಫ್ರಿಜ್ಜಿನ ಮೇಲಿಂದ ಕರಡಿ ನೋಡುತ್ತಿತ್ತು. ಸಂಜೆ ಇವರು ಬಂದು ಬಾಗಿಲ ಹತ್ತಿರ ಕೂತು ಸೇಫ್ಟಿ ಬೂಟು ಬಿಚ್ಚತೊಡಗಿದರು.

"ಬರ್ನಾರ್ಡ್ ಫೋನ್ ಮಾಡಿದ್ದ," ಎಂದೆ.

"ಎಂತಂತೆ?"

"ಗೂಡು ಎಲ್ಲಿ ಕಟ್ಟಿಸುವುದು ಅಂತ ಕೇಳಿದ. ಬಾವಿಯಿಂದ ದೂರ ಅಂತ ಹೇಳಿದ್ದೇನೆ."

ಇವರ ಕೈ ಬೂಟಿನ ದಾರದ ಮೇಲೆಯೇ ನಿಂತಿತು. ದಾರ ಹಿಡಿದುಕೊಂಡೇ ಕೇಳಿದರು, "ಬಾಲ ನೀನೂ ನೋಡಿದ್ದಿಯಾ?"

"ನೋಡಿದ್ದೆ. ನನಗೆ ಆ ಮನೆ ಬೇಕಿತ್ತು, ಸುಮ್ಮನಿದ್ದೆ. ನಿಮಗೆ ಬಾಲದ ವಿಷಯ ಯಾರು ಹೇಳಿದ್ದು?"

"ನಿನ್ನ ಅಮ್ಮ. ಅವತ್ತು ಎಲ್ಲ ಸರಿಯಾಗಿಯೇ ಕೇಳಿಸಿಕೊಂಡಿದ್ದೆ. ಬೂಟು ಹೊಸತಿತ್ತು, ಅದಕ್ಕೆ ದೂರ ನಿಂತದ್ದು."

"ಕೋವಿ?"

"ಕೋವಿ ಬೇಡ. ನಮಗೆ ಮನೆ ತೋರಿಸಿದ ಹಂದಿ, ಅದನ್ನು ಕಡಿಯುವುದಿಲ್ಲ. ಅಕ್ಕಚ್ಚು ಹಾಕ್ಲಿಕ್ಕೆ ಒಂದು ದೊಡ್ಡ ಬಾಲ್ದಿ ಬೇಕು."

ಮುಂದಿನ ಶುಕ್ರವಾರ ಫಹಾಹೀಲ್ ಪೇಟೆಗೆ ಹೋಗಿ ಗಟ್ಟಿ ಹಿಡಿಯ ಒಂದು ಬಾಲ್ದಿ ಕೊಂಡೆವು. ಕುವೈತಿನಿಂದ ಜನ ಬಂಗಾರ ಒಯ್ಯುತ್ತಾರೆ, ಬಾಲ್ದಿ ಯಾರು ಒಯ್ಯುತ್ತಾರೆ ಎಂದು ರೋಹಿದಾಸಣ್ಣ ನಕ್ಕರು. ಹಂದಿಯನ್ನು ಕಡಿಯುವುದಿಲ್ಲ ಎಂದು ಗೊತ್ತಾದ ಮೇಲೆ ನಗುವುದನ್ನು ನಿಲ್ಲಿಸಿ, ಹಾಗಾದರೆ ತೊಡೆಯ ಗತಿಯೇನು ಎಂದು ಕೇಳಿದರು. ಕಾರ್ಗೋ ಅಂಗಡಿಯವನು ಪೆಟ್ಟಿಗೆಯಲ್ಲಿ ಏನಿದೆ ಎಂದಾಗ ಇವರು ನೆಟ್ಟಗೆ ನಿಂತು "ಶಿಕಾರಿ ಕಾ ಸಾಮಾನ್, ಭಾಯಿ" ಎಂದರು. ಅವನು ಗಾಬರಿಯಾಗಿ ಪೆಟ್ಟಿಗೆ ಪೂರ್ತಿ ಬಿಚ್ಚಿಸಿದ. ಒಳಗೆ ಬಾಲ್ದಿ ಇತ್ತು, ಬಾಲ್ದಿಯೊಳಗೆ ನಾನು ಟವೆಲಿನಲ್ಲಿ ಸುತ್ತಿಟ್ಟಿದ್ದ ಟೆಡ್ಡಿ ಕರಡಿ.