ಬಾಗಿಲವರೆಗೆ ಬಂದ ಹಡಗು

"ಎಡಕ್ಕೆ ಐದು ಡಿಗ್ರಿ," ಎಂದರು ಪೈಲಟ್.

"ಎಡಕ್ಕೆ ಐದು," ಚುಕ್ಕಾಣಿ ಹಿಡಿದವನು ಮರುನುಡಿದ. ಅನಿಲ ತುಂಬಿದ ಹಡಗು ತುಂಬು ಬಸುರಿಯ ಹಾಗೆ ನಿಧಾನವಾಗಿ ಬಂದರಿನ ಕಾಲುವೆಯೊಳಗೆ ಸಾಗಿತು.

ಹೊರಗಿನಿಂದ ಬಂದ ಹಡಗನ್ನು ಹತ್ತಿ, ದಾರಿ ತೋರಿಸಿ, ದಕ್ಕೆಗೆ ತಂದು ನಿಲ್ಲಿಸುವುದು ಪೈಲಟರ ಇಪ್ಪತ್ತಾರು ವರ್ಷದ ಕೆಲಸ. ಆದರೆ ಯಾವ ಹಡಗಿಗೂ ಊರು ಹೀಗೆ ಬಾಯಿಬಿಟ್ಟುಕೊಂಡು ಕಾದಿರಲಿಲ್ಲ. ರಾಷ್ಟ್ರಗಳ ಯಾವುದೋ ಮಹಾಸಭೆಯಲ್ಲಿ ದೇಶದವರು ಗಡಿಯಾಚೆಯ ದೊಡ್ಡ ನೆರೆಯವನ ವಿರುದ್ಧ ಮತಕ್ಕೆ ಕೈ ಎತ್ತಿದ್ದೇ ನೆಪ, ಅವನು ಮರುವಾರವೇ ಅನಿಲದ ಕೊಳವೆಯ ಕತ್ತು ಹಿಚುಕಿದ್ದ. ಅದಾಗಿ ಐದು ತಿಂಗಳು. ಪಿಂಗಾಣಿ ಕಾರ್ಖಾನೆಯ ಗೂಡು ಆರಿ ಆರುನೂರು ಜನ ಮನೆ ಸೇರಿದ್ದರು. ಬಟ್ಟಲುಗಳಿಗೆ ಬಣ್ಣ ಬಳಿಯುತ್ತಿದ್ದ ಪೈಲಟರ ಹೆಂಡತಿಯೂ ಅವರಲ್ಲೊಬ್ಬಳು. ಸ್ವೆಟರಿನ ಮೇಲೆ ಸ್ವೆಟರು ಏರಿಸಿಕೊಂಡು ದಿನವಿಡೀ ಗೋಡೆ ನೋಡುತ್ತ ಕೂರುತ್ತಿದ್ದಳು. ಮಂತ್ರಿಗಳು ನಾಲ್ಕು ದೇಶ ಅಲೆದು, ಕಂಡವರ ಕೈಕಾಲು ಹಿಡಿದು ಗೊತ್ತುಮಾಡಿದ ಹಡಗು ಇದು.

ದಕ್ಕೆಯ ಮೇಲೆ ಜನ ಕಾಣತೊಡಗಿದಾಗ ಕ್ಯಾಪ್ಟನ್ ಕಾಗದವೊಂದನ್ನು ಹಿಡಿದು ಬಂದ.

"ಸಾಹೇಬ್ರೇ, ತಿರುಗಿಸ್ಬೇಕು."

"ಏನನ್ನ?"

"ಹಡಗನ್ನ. ಮಾಲೀಕರು ಸರಕನ್ನ ಬೇರೆ ದೇಶಕ್ಕೆ ಮಾರಿಬಿಟ್ಟಿದಾರೆ. ಒಂದಕ್ಕೆರಡು ಕೊಟ್ರಂತೆ."

"ದಕ್ಕೆ ಕಾಣ್ತಾ ಇದೆಯಲ್ರೀ!"

"ಪೈಪು ಜೋಡಿಸೋವರೆಗೂ ಸರಕು ಅವರದ್ದೇ." ಕ್ಯಾಪ್ಟನ್ ಕಣ್ಣು ತಪ್ಪಿಸಿದ. "ನಾನೂ ಸಂಬಳದವನೇ."

ಪೈಲಟ್ ವೈರ್‌ಲೆಸ್ಸಿನಲ್ಲಿ ಬಂದರಿನ ಕಚೇರಿಯನ್ನು ಕರೆದರು. ಬಹಳ ಹೊತ್ತು ಬರೀ ಗೊರಗೊರ ಸದ್ದು. ಕೊನೆಗೆ ಅಧಿಕಾರಿಯ ದನಿ ಬಂತು: "ರಾಜಧಾನಿಯವರನ್ನೂ ಕೇಳಿದೆ. ಕರಾರು ಮಾಲೀಕರ ಕಡೇಗೇ ಇದೆ. ತಿರುಗಿಸಿಬಿಡಿ."

ಬಲಕ್ಕೆ ಮರಳದಿಬ್ಬ. ನೀರು ಇಳಿಯುತ್ತಿತ್ತು. ಎರಡು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಹಡಗು ಮೆತ್ತಗೆ ಮರಳಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಹಗುರ ಮಾಡುವುದಕ್ಕಾದರೂ ಅನಿಲವನ್ನು ಇಲ್ಲೇ ಇಳಿಸಬೇಕು. ಆ ದಿಬ್ಬವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಊರಲ್ಲಿ ಯಾರೂ ಇರಲಿಲ್ಲ.

ಪೈಲಟ್ ಸುಮ್ಮನಿದ್ದರು. ಚುಕ್ಕಾಣಿಯವನು ಒಮ್ಮೆ ತಿರುಗಿ ನೋಡಿದ. ಅಪ್ಪಣೆಗೆ ಕಾದ ಮುಖ. ಅದರಲ್ಲಿ ಅನುಮಾನದ ಸುಳಿವೂ ಇರಲಿಲ್ಲ. ಪೈಲಟ್ ದಿಬ್ಬದಿಂದ ಕಣ್ಣು ಕಿತ್ತರು.

"ಪೂರ್ತಿ ಎಡಕ್ಕೆ," ಎಂದರು. "ಟಗ್ ದೋಣಿಯವರಿಗೆ ಹೇಳಿ, ಮೂತಿ ಹಿಡಿದು ಎಳೀಲಿ."

ತಿರುಗಲು ನಲವತ್ತು ನಿಮಿಷ ಹಿಡಿಯಿತು. ದಕ್ಕೆಯ ಮೇಲಿನವರು ಮೊದಮೊದಲು ಕೈ ಬೀಸುತ್ತಲೇ ಇದ್ದರು. ಹಡಗಿನ ಪಕ್ಕೆ ಕಂಡು, ಆಮೇಲೆ ಬೆನ್ನು ಕಂಡಾಗ ಕೈಗಳು ಒಂದೊಂದಾಗಿ ಇಳಿದವು. ಕಾಲುವೆ ದಾಟಿದ ಮೇಲೆ ಕ್ಯಾಪ್ಟನ್ ಕೈ ಚಾಚಿದ. ಪೈಲಟ್ ಕುಲುಕಿದರು. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಉಳಿದಿರಲಿಲ್ಲ.

ದೋಣಿಯಲ್ಲಿ ಮರಳಿ ಬಂದಾಗ ದಕ್ಕೆ ಖಾಲಿಯಾಗಿತ್ತು. ಗಣ್ಯರಿಗೆಂದು ಹಾಕಿದ ಕುರ್ಚಿಗಳ ಸಾಲಿನಲ್ಲಿ ಹೆಂಡತಿಯೊಬ್ಬಳೇ ಕೂತಿದ್ದಳು. ಅವರು ಪಕ್ಕದಲ್ಲಿ ಕುಸಿದರು.

"ತಿರುಗಿಸಿದ್ದು ನೀವೇನಾ?"

"ಹೂಂ."

ಅವಳು ಮರಳದಿಬ್ಬದ ಕಡೆ ನೋಡಿದಳು. "ಎಲ್ಲೂ ತಾಗಿಲ್ಲ ತಾನೆ?"

"ಇಲ್ಲ."

ಕುರ್ಚಿ ಎತ್ತುವವನು ಆ ತುದಿಯಿಂದ ಒಂದರ ಮೇಲೊಂದು ಪೇರಿಸುತ್ತ ಬಂದು ಅವರ ಮುಂದೆ ನಿಂತ. ಇಬ್ಬರೂ ಎದ್ದರು. ಅವನು ಆ ಎರಡನ್ನೂ ಒಯ್ದ ಮೇಲೂ ಅಲ್ಲೇ ನಿಂತಿದ್ದರು.